ರೂಲ್ಸ್ ಪ್ರಕಾರವೇ ಕೆಲಸ

ಡ್ಯೂಟಿಗೆ ಬರುತ್ತೇವೆ, ರೈಲು ಓಡಿಸುತ್ತೇವೆ, ಆದರೆ ನಿಯಮ ಮೀರಿ ದುಡಿಯುವುದಿಲ್ಲ. 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೊ ಪೈಲಟ್‌ಗಳಲ್ಲಿ ಒಂದು ವರ್ಗ ಹಿಡಿದ ಹಾದಿಯಿದು. ಸತತ ಎರಡು ರಾತ್ರಿಗಿಂತ ಹೆಚ್ಚು ಪಾಳಿ ಬೇಡ, ವಾರದ ರಜೆ ಪೂರ್ತಿ ಬೇಕು. ಪಾಳಿ ಮುಗಿಸಿ ಊರಿಗೆ ಮರಳಿದಾಗಿನ 16 ಗಂಟೆಯ ವಿಶ್ರಾಂತಿ ಬೇರೆ, ವಾರದ 30 ಗಂಟೆ ಬೇರೆ, ಒಟ್ಟು 46 ಎಂಬುದು ಅವರ ಲೆಕ್ಕ. ಆ 16 ಈ 30ರೊಳಗೇ ಬಂತು ಎಂಬುದು ಆಡಳಿತದ್ದು.

ಕೇಳಲು ಇದು ಕೂಡುವ-ಕಳೆಯುವ ಜಗಳ. ಆದರೆ ಶನಿವಾರ ಸಂಜೆ 6ಕ್ಕೆ ಸೈನ್ ಆಫ್ ಮಾಡಿದವನನ್ನು ಆಡಳಿತದ ಲೆಕ್ಕ ಭಾನುವಾರ ನಡುರಾತ್ರಿಗೇ ಎಬ್ಬಿಸಿ ಎಂಜಿನ್ ಹತ್ತಿಸಬಹುದು. ವಾರದ ರಜೆಯೆಂದು ಅವನಿಗೆ ದಕ್ಕುವುದು ಒಂದೇ ರಾತ್ರಿಯ ನಿದ್ದೆ. ಪೈಲಟ್‌ಗಳ ಲೆಕ್ಕದಲ್ಲಾದರೆ ಸೋಮವಾರ ಸಂಜೆ 4ರವರೆಗೆ ಅವನು ಮನೆಯವರ ಪಾಲು.

ಇಷ್ಟು ಕೇಳಿದ್ದಕ್ಕೆ ಕೆಲವರಿಗೆ ಚಾರ್ಜ್‌ಶೀಟ್, ಅಮಾನತು, ವರ್ಗಾವಣೆ. ನಿಯಮ ಪಾಲಿಸಿದವನಿಗೇ ಶಿಸ್ತುಕ್ರಮವೆಂದರೆ, ನಿಯಮ ಮುರಿಯದೆ ವ್ಯವಸ್ಥೆ ನಡೆಯುತ್ತಿರಲಿಲ್ಲವೆಂದು ಆಡಳಿತವೇ ಬರೆದುಕೊಟ್ಟಂತಾಯಿತು. ಈ ಬಗೆಯ ಹೋರಾಟದ ಗಟ್ಟಿತನ ಇರುವುದು ಇಲ್ಲೇ.

ಹಾಗೆಂದು ಎಲ್ಲ ಸಲವೂ ಇದನ್ನು ಮೆಚ್ಚಲಾಗದು. 1972ರಲ್ಲಿ ಬ್ರಿಟನ್ನಿನ ರೈಲು ನೌಕರರು ಸಂಬಳಕ್ಕಾಗಿ ಇದೇ ದಾರಿ ತುಳಿದರು. ಕೆಲಸ ಕೆಡಿಸಲೆಂದೇ ನಿಯಮ ಹಿಡಿದು ಕೂರುವುದು ಕರಾರಿನ ಉಲ್ಲಂಘನೆ ಎಂದಿತು ಲಾರ್ಡ್ ಡೆನ್ನಿಂಗ್ ಅವರಿದ್ದ ನ್ಯಾಯಪೀಠ. ಜಪಾನಿನಲ್ಲಿ ಸರ್ಕಾರಿ ರೈಲ್ವೆ ನೌಕರರಿಗೆ ಮುಷ್ಕರದ ಹಕ್ಕಿರಲಿಲ್ಲ. ಹಾಗಾಗಿ ಅವರು ಸುರಕ್ಷತೆಯ ನಿಯಮ ಮುಂದಿಟ್ಟು ರೈಲುಗಳನ್ನು ನಿಧಾನಗೊಳಿಸಿದರು. 1973ರ ಮಾರ್ಚ್ 13ರ ಬೆಳಿಗ್ಗೆ ಟೋಕಿಯೊ ಬಳಿಯ ಅಗೆಯೊ ನಿಲ್ದಾಣದಲ್ಲಿ, ಕೆಲಸಕ್ಕೆ ಹೊರಟ ಜನ ತಾಳ್ಮೆಗೆಟ್ಟು ರೈಲಿನ ಗಾಜು ಪುಡಿಮಾಡಿದರು. ಅಲ್ಲಿ ನಿಯಮ ಬ್ರೇಕ್ ಹಾಕಲು ಒಂದು ನೆಪ. ಏಟು ಬಿದ್ದದ್ದು ತಮ್ಮಂತೆಯೇ ದುಡಿದು ತಿನ್ನುವವರಿಗೆ.

ದಕ್ಷಿಣ ರೈಲ್ವೆಯ ಹೋರಾಟವನ್ನು ಆ ಸಾಲಿಗೆ ಸೇರಿಸಲಾರೆ. ಇಲ್ಲಿ ನಿಯಮವೇ ಬೇಡಿಕೆ. ಚಾಲಕನ ನಿದ್ದೆಯಲ್ಲಿ ಪ್ರಯಾಣಿಕರ ಜೀವವೂ ಇದೆ. 2024ರ ಅದೇ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾಣಿ ಬಳಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಗೂಡ್ಸ್ ರೈಲು ಡಿಕ್ಕಿ ಹೊಡೆದಾಗ, ರೈಲ್ವೆ ಮಂಡಳಿ ಮೊದಲು ಬೆರಳು ತೋರಿಸಿದ್ದು ಸತ್ತ ಲೋಕೊ ಪೈಲಟ್ ಕಡೆಗೆ. ಸಿಗ್ನಲ್ ಕೆಟ್ಟಾಗಿನ ವ್ಯವಸ್ಥೆಯಲ್ಲೇ ಲೋಪಗಳಿದ್ದವೆಂದು ಆಮೇಲೆ ತನಿಖೆ ಹೇಳಿತು. ಆ ಅಪಘಾತದ ಬೆನ್ನಲ್ಲೇ, ಹೊಸದಾಗಿ ನೇಮಿಸಬೇಕಾದ ಸಹಾಯಕ ಲೋಕೊ ಪೈಲಟ್‌ಗಳ ಸಂಖ್ಯೆಯನ್ನು ರೈಲ್ವೆ 5,696ರಿಂದ 18,799ಕ್ಕೆ ಏರಿಸಿತು.