ಗುಲಾಮನ ಬಾಯಲ್ಲಿ ಧಣಿಯ ಮಾತು

ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ, ಹೊಗೆಸೊಪ್ಪಿನ ತೋಟಗಳನ್ನೂ ಅಲ್ಲಿ ದುಡಿದ ಗುಲಾಮರನ್ನೂ ಧಣಿಗಳ ಕಣ್ಣಿನಿಂದ ಚಿತ್ರಿಸಿದ ಕತೆ, ಕಾದಂಬರಿ, ಸಿನಿಮಾಗಳನ್ನು ಒಟ್ಟಾಗಿ ‘ಪ್ಲಾಂಟೇಶನ್ ಪರಂಪರೆ’ ಎನ್ನುತ್ತಾರೆ. ಇದರ ಆರಂಭವನ್ನು ವಿಮರ್ಶಕರು ಸಾಮಾನ್ಯವಾಗಿ ಜಾನ್ ಪೆಂಡಲ್ಟನ್ ಕೆನಡಿ 1832ರಲ್ಲಿ ಪ್ರಕಟಿಸಿದ ‘ಸ್ವಾಲೋ ಬಾರ್ನ್’ನಲ್ಲಿ ಗುರುತಿಸುತ್ತಾರೆ. ಆ ಪುಸ್ತಕ ವರ್ಜೀನಿಯಾದ ತೋಟವೊಂದರ ನೆಮ್ಮದಿಯ ಬದುಕನ್ನು ಬಣ್ಣಿಸುತ್ತದೆ. ಅದೇ ವರ್ಜೀನಿಯಾದಲ್ಲಿ 1831ರ ಆಗಸ್ಟ್‌ನಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ಮುಂದಾಳತ್ವದಲ್ಲಿ ದೊಡ್ಡ ದಂಗೆಯೇ ಎದ್ದಿತ್ತು. ಧಣಿಯ ನೆರಳಲ್ಲಿ ಸುಖವಾಗಿರುವ ಗುಲಾಮ ಆ ದಂಗೆಯ ಬೆನ್ನಿಗೇ ಕಾದಂಬರಿಯ ಪುಟಗಳಿಗೆ ಬಂದ.

1852ರಲ್ಲಿ ಹ್ಯಾರಿಯಟ್ ಬೀಚರ್ ಸ್ಟೋವ್ ಅವರ ಗುಲಾಮಗಿರಿ ವಿರೋಧಿ ಕಾದಂಬರಿ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಹೊರಬಂದು, ಮೊದಲ ವರ್ಷದಲ್ಲೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿಗಳು ಮಾರಾಟವಾದವು. ಅದಕ್ಕೆ ಎದುರಾಗಿ ದಕ್ಷಿಣದ ಪರ ವಾದಿಸುವ ಕಾದಂಬರಿಗಳು ಸಾಲುಗಟ್ಟಿದವು. ಮೇರಿ ಈಸ್ಟ್‌ಮನ್ ಅವರ ‘ಆಂಟ್ ಫಿಲಿಸಸ್ ಕ್ಯಾಬಿನ್’ ಅದೇ ವರ್ಷ ಪ್ರಕಟವಾಯಿತು. ಈ ಪ್ರತಿಕಾದಂಬರಿಗಳಲ್ಲಿ ಸಾಹಿತ್ಯಗುಣ ಕಡಿಮೆ. ವಾದ ಎದ್ದು ಕಾಣುತ್ತದೆ, ಪಾತ್ರಗಳು ಅದರ ಭಾರಕ್ಕೆ ಕುಸಿಯುತ್ತವೆ.

ಪರಂಪರೆಯ ನಿಜವಾದ ವೈಭವದ ಕಾಲ ಬಂದದ್ದು ಗುಲಾಮಗಿರಿ ಅಳಿದ ಮೇಲೆ. ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಸುಮಾರು 40 ಲಕ್ಷ ಜನ ಬಿಡುಗಡೆ ಹೊಂದಿದರು. ಸಂವಿಧಾನದ ತಿದ್ದುಪಡಿಗಳು ಅವರಿಗೆ ಪೌರತ್ವವನ್ನೂ ಗಂಡಸರಿಗೆ ಮತದ ಹಕ್ಕನ್ನೂ ಕೊಟ್ಟವು. ಆದರೆ 1877ರ ರಾಜಕೀಯ ಒಪ್ಪಂದದ ನಂತರ ಕೇಂದ್ರ ಸರ್ಕಾರ ದಕ್ಷಿಣದಿಂದ ಕೈತೆಗೆಯಿತು, ಆ ಹಕ್ಕುಗಳನ್ನು ಒಂದೊಂದಾಗಿ ಕಸಿಯುವ ಕೆಲಸ ಶುರುವಾಯಿತು. ಉತ್ತರದವರು ಇದನ್ನು ನೋಡಿಯೂ ಸುಮ್ಮನಿರಲು ಅವರ ಮನಸ್ಸಿಗೆ ಒಂದು ಸಮಾಧಾನ ಬೇಕಿತ್ತು. ದಕ್ಷಿಣದ ಲೇಖಕ ಥಾಮಸ್ ನೆಲ್ಸನ್ ಪೇಜ್ ಅದನ್ನು ಒದಗಿಸಿದ. ಅವನ ‘ಮಾರ್ಸ್ ಚಾನ್’ ಕತೆ 1884ರಲ್ಲಿ ಅಚ್ಚಾದದ್ದು ನ್ಯೂಯಾರ್ಕಿನ ‘ಸೆಂಚುರಿ’ ಪತ್ರಿಕೆಯಲ್ಲಿ. ಬಿಡುಗಡೆ ಹೊಂದಿದ ಸ್ಯಾಮ್ ಎಂಬ ಕಪ್ಪು ಮನುಷ್ಯ ದಾರಿಯಲ್ಲಿ ಸಿಕ್ಕ ಬಿಳಿಯ ಪ್ರಯಾಣಿಕನಿಗೆ ಯುದ್ಧದಲ್ಲಿ ಮಡಿದ ತನ್ನ ಯುವಧಣಿಯ ಕತೆಯನ್ನು ತನ್ನದೇ ಆಡುಮಾತಿನಲ್ಲಿ ಹೇಳುತ್ತಾನೆ. ಹೇಳುತ್ತ ಹೇಳುತ್ತ, ಗುಲಾಮಗಿರಿಯ ಆ ದಿನಗಳೇ ಚೆನ್ನಾಗಿದ್ದವು ಎನ್ನುತ್ತಾನೆ.

ಈ ತಂತ್ರದ ಬಲ ಇರುವುದು ಸಾಕ್ಷಿಯ ಆಯ್ಕೆಯಲ್ಲಿ. ಗುಲಾಮಗಿರಿ ಒಳ್ಳೆಯದಿತ್ತೆಂದು ಧಣಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅದೇ ಮಾತನ್ನು ಗುಲಾಮನೇ ಕಣ್ಣೀರು ತುಂಬಿಕೊಂಡು ಹೇಳಿದಾಗ ಓದುಗ ಕರಗಿಹೋಗುತ್ತಾನೆ. ಸ್ಯಾಮ್‌ನಿಗೆ ತನ್ನದೆಂಬ ಕತೆಯಿಲ್ಲ. ಅವನ ದುಡಿಮೆ, ಹೆಂಡತಿ, ಮಕ್ಕಳು, ಭಯ, ಆಸೆ ಯಾವುದೂ ಕಥಾವಸ್ತುವಾಗುವುದಿಲ್ಲ. ಅವನ ನೆನಪಿನ ತುಂಬ ಧಣಿಯ ಬದುಕೇ ಇದೆ. ಜನಾಂಗೀಯ ಪೂರ್ವಗ್ರಹವನ್ನು ಬೈಗುಳಗಳಲ್ಲಿ, ವಿಕಾರ ಚಿತ್ರಗಳಲ್ಲಿ ಹುಡುಕುವ ವಿಮರ್ಶೆಯಿಂದ ಪೇಜ್‌ನಂಥವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ಅವನ ಬರಹದಲ್ಲಿ ದ್ವೇಷವಿಲ್ಲ, ವಾತ್ಸಲ್ಯವೇ ಇದೆ. ಕಪ್ಪು ಮನುಷ್ಯ ಸ್ವತಂತ್ರವಾಗಿ ಬಾಳಲಾರ ಎಂಬ ಮಾತನ್ನು ಕಟುವಾದ ಭಾಷಣಗಳಿಗಿಂತ ಹೆಚ್ಚು ಮನೆಗಳಿಗೆ ತಲುಪಿಸಿದ್ದು ಆ ವಾತ್ಸಲ್ಯ.

ಅದೇ ಪರಂಪರೆಯ ಇನ್ನೊಬ್ಬ ಲೇಖಕ ಜೋಯೆಲ್ ಚಾಂಡ್ಲರ್ ಹ್ಯಾರಿಸ್‌ನ ವಿಷಯ ಇಷ್ಟು ಸರಳವಲ್ಲ. 1880ರಲ್ಲಿ ಬಂದ ಅವನ ಅಂಕಲ್ ರೀಮಸ್ ಪುಸ್ತಕದಲ್ಲೂ ಹೊರಗಿನ ಚೌಕಟ್ಟು ಅದೇ: ಹಿಂದೆ ಗುಲಾಮನಾಗಿದ್ದ ಮುದುಕ ಹೇಳುತ್ತಾನೆ, ಬಿಳಿಯ ಹುಡುಗ ಕೇಳುತ್ತಾನೆ. ಆದರೆ ಒಳಗಿರುವ ಮೊಲದ ಕತೆಗಳು ಹ್ಯಾರಿಸ್‌ನ ಸೃಷ್ಟಿಯಲ್ಲ. ಗುಲಾಮರು ತಮ್ಮೊಳಗೆ ಹೇಳಿಕೊಂಡು ಬಂದ ಕತೆಗಳು ಅವು. ಅನೇಕಕ್ಕೆ ಆಫ್ರಿಕಾದ ಬೇರುಗಳಿವೆ. ಬಲವಿಲ್ಲದ ಮೊಲ ನರಿಯನ್ನೂ ಕರಡಿಯನ್ನೂ ಬುದ್ಧಿಯಿಂದ ಸೋಲಿಸುವ ಆ ಕತೆಗಳು ಚೌಕಟ್ಟಿನ ಸುಳ್ಳನ್ನು ಒಳಗಿನಿಂದಲೇ ಅಲ್ಲಗಳೆಯುತ್ತವೆ. ಈ ಸಂಗ್ರಹವನ್ನು ಪೂರ್ತಿ ತಿರಸ್ಕರಿಸಿದರೆ ಗುಲಾಮರ ಸಂಪತ್ತನ್ನೇ ತಿರಸ್ಕರಿಸಿದಂತಾಗುತ್ತದೆ.

ನಿಷ್ಠಾವಂತ ಸೇವಕನ ಚಿತ್ರದ ಪಕ್ಕದಲ್ಲೇ ಇನ್ನೊಂದು ಚಿತ್ರ ಬೆಳೆಯಿತು. ಹಳೆಯ ಗುಲಾಮ ಒಳ್ಳೆಯವನಾದರೆ, ಮತ ಕೇಳುವ, ಜಮೀನು ಕೊಳ್ಳುವ ಹೊಸ ತಲೆಮಾರಿನ ಕಪ್ಪು ಮನುಷ್ಯ ಕೆಟ್ಟವನೇ ಆಗಬೇಕಲ್ಲ! ಪೇಜ್ ತಾನೇ 1898ರ ‘ರೆಡ್ ರಾಕ್’ ಕಾದಂಬರಿಯಲ್ಲೂ 1904ರ ಪ್ರಬಂಧಗಳಲ್ಲೂ ಆ ದಿಕ್ಕಿಗೆ ತಿರುಗಿದ. ಥಾಮಸ್ ಡಿಕ್ಸನ್‌ನ ‘ದಿ ಕ್ಲಾನ್ಸ್‌ಮನ್’ (1905) ಕಪ್ಪು ಗಂಡಸನ್ನು ಬಿಳಿಯ ಹೆಣ್ಣುಮಕ್ಕಳ ಮೇಲೆರಗುವ ಮೃಗವಾಗಿಸಿ, ಬಿಳಿಯರ ರಹಸ್ಯ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಕೊಲೆಗಡುಕರನ್ನು ವೀರರಾಗಿಸಿತು. ಆ ಹೊತ್ತಿಗಾಗಲೇ ಪತ್ರಕರ್ತೆ ಐಡಾ ಬಿ. ವೆಲ್ಸ್ ಗುಂಪುಹತ್ಯೆಗಳಿಗೆ ನೆಪವಾಗಿದ್ದ ಈ ಸುಳ್ಳನ್ನು ಬಯಲು ಮಾಡಿದ್ದರು. 1892ರಲ್ಲಿ ಮೆಂಫಿಸ್‌ನಲ್ಲಿ ಗುಂಪು ಕೊಂದ ಮೂವರು ಕಪ್ಪು ಜನರು ದಿನಸಿ ಅಂಗಡಿಯೊಂದಕ್ಕೆ ಸೇರಿದವರು. ಬಿಳಿಯ ವ್ಯಾಪಾರಿಯೊಬ್ಬನಿಗೆ ಪೈಪೋಟಿಯಾದದ್ದು ಅವರ ತಪ್ಪು. ಬಿಳಿಯರ ಪತ್ರಿಕೆಗಳ ವರದಿಗಳನ್ನೇ ಆಧಾರವಾಗಿಟ್ಟುಕೊಂಡು, ಬಹುಪಾಲು ಗುಂಪುಹತ್ಯೆಗಳಲ್ಲಿ ಅತ್ಯಾಚಾರದ ಆರೋಪವೇ ಇರಲಿಲ್ಲವೆಂದು ವೆಲ್ಸ್ ತೋರಿಸಿದರು. ಅವರ ಪತ್ರಿಕೆಯ ಕಚೇರಿಯನ್ನು ಗುಂಪು ಧ್ವಂಸ ಮಾಡಿತು.

ಸತ್ಯ ಅಚ್ಚಾಗಿದ್ದರೂ ಗೆದ್ದದ್ದು ಡಿಕ್ಸನ್‌ನ ಕತೆ. ಡಿ. ಡಬ್ಲ್ಯು. ಗ್ರಿಫಿತ್ 1915ರಲ್ಲಿ ಅದನ್ನು ಆಧರಿಸಿ ‘ದಿ ಬರ್ತ್ ಆಫ್ ಎ ನೇಷನ್’ ಸಿನಿಮಾ ತೆಗೆದ. ಮುಖ್ಯ ಕಪ್ಪು ಪಾತ್ರಗಳನ್ನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಆಡಿದರು. ಶ್ವೇತಭವನದಲ್ಲೂ ಅದರ ಪ್ರದರ್ಶನ ನಡೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್‌ನಲ್ಲಿ ಕ್ಲಾನ್ ಮತ್ತೆ ಹುಟ್ಟಿತು. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಮತ್ತು ಅವನ ಶಿಷ್ಯರು ಅಂತರ್ಯುದ್ಧದ ನಂತರ ಕಪ್ಪು ಜನರ ಕೈಗೆ ಅಧಿಕಾರ ಕೊಟ್ಟದ್ದೇ ಅನರ್ಥವೆಂಬ ಇತಿಹಾಸ ಬರೆದು ಈ ಕತೆಗಳಿಗೆ ಪಾಂಡಿತ್ಯದ ಮುದ್ರೆ ಒತ್ತಿದರು. ಕಪ್ಪು ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ 1935ರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ನಲ್ಲಿ ಅದನ್ನು ದಾಖಲೆಗಳ ಸಮೇತ ಖಂಡಿಸಿದರು. ವಿಶ್ವವಿದ್ಯಾಲಯಗಳು ಅವರ ಮಾತಿಗೆ ಕಿವಿಗೊಡಲು ಹಲವು ದಶಕಗಳೇ ಬೇಕಾದವು.

ಪರಂಪರೆಗೆ ಅತ್ಯಂತ ಸಮರ್ಥ ಸಾಹಿತ್ಯಕ ಉತ್ತರ ಕೊಟ್ಟವರು ಕಪ್ಪು ಲೇಖಕ ಚಾರ್ಲ್ಸ್ ಚೆಸ್ನಟ್. ಅವರ ‘ದಿ ಕಾಂಜರ್ ವುಮನ್’ (1899) ಪೇಜ್‌ನ ಚೌಕಟ್ಟನ್ನೇ ತೆಗೆದುಕೊಳ್ಳುತ್ತದೆ: ಕತೆ ಹೇಳುವ ಮುದುಕ ಜೂಲಿಯಸ್, ಕೇಳುವ ಉತ್ತರದ ಬಿಳಿಯ ದಂಪತಿ ಜಾನ್ ಮತ್ತು ಆನಿ. ‘ಪೋ ಸ್ಯಾಂಡಿ’ ಕತೆಯಲ್ಲಿ ಸ್ಯಾಂಡಿ ಒಳ್ಳೆಯ ಕೆಲಸಗಾರ. ಅದೇ ಕಾರಣಕ್ಕೆ ಧಣಿ ಅವನನ್ನು ತನ್ನ ಮಕ್ಕಳ ತೋಟಗಳಿಗೆಲ್ಲ ಸರದಿಯಂತೆ ಕಳಿಸುತ್ತಿರುತ್ತಾನೆ. ಮೊದಲ ಹೆಂಡತಿಯನ್ನು ಧಣಿ ಈಗಾಗಲೇ ಬೇರೊಬ್ಬ ಹೆಣ್ಣಿಗೆ ಬದಲಾಗಿ ವ್ಯಾಪಾರಿಗೆ ಕೊಟ್ಟುಬಿಟ್ಟಿದ್ದಾನೆ. ಒಂದೆಡೆ ನೆಲೆ ನಿಲ್ಲಬೇಕೆಂಬ ಅವನ ಆಸೆಗೆ ಮಾಟ ಬಲ್ಲ ಎರಡನೆಯ ಹೆಂಡತಿ ಟೆನೀ ಅವನನ್ನು ಮರವಾಗಿಸುತ್ತಾಳೆ. ಅವಳನ್ನು ಬೇರೆ ಕಡೆ ದುಡಿಯಲು ಕಳಿಸಿದಾಗ ಆ ಮರವನ್ನು ಕಡಿದು, ಕೊಯ್ದು, ಧಣಿಯ ಅಡುಗೆಮನೆಗೆ ಹಲಗೆ ಮಾಡುತ್ತಾರೆ. ಕತೆ ಕೇಳಿ ನಡುಗಿದ ಆನಿ ಆ ಹಳೆಯ ಹಲಗೆಗಳನ್ನು ತನ್ನ ಹೊಸ ಅಡುಗೆಮನೆಗೆ ಬೇಡವೆನ್ನುತ್ತಾಳೆ. ಹಲಗೆಗಳಿರುವ ಹಳೆಯ ಕಟ್ಟಡ ಜೂಲಿಯಸ್‌ನ ಚರ್ಚಿನ ಜನರಿಗೆ ಸಭೆ ಸೇರಲು ಸಿಗುತ್ತದೆ. ಇಲ್ಲಿ ಹೇಳುವವನಿಗೆ ತನ್ನ ಉದ್ದೇಶವಿದೆ, ತನ್ನ ಜನರಿದ್ದಾರೆ. ಕೇಳುವವರ ಮನಸ್ಸನ್ನು ಅವನು ಬಲ್ಲ. ಗುಲಾಮನ ದೇಹವೇ ಧಣಿಯ ಮನೆಗೆ ಮರಮುಟ್ಟಾಯಿತೆಂಬ ಸತ್ಯವನ್ನು ಇಷ್ಟು ಹತ್ತಿರದಿಂದ ತೋರಿಸಿದ ಕತೆ ಆ ಕಾಲದಲ್ಲಿ ವಿರಳ. ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ 1898ರಲ್ಲಿ ನಡೆದ ಹತ್ಯಾಕಾಂಡವನ್ನು ಆಧರಿಸಿ ಚೆಸ್ನಟ್ 1901ರಲ್ಲಿ ಬರೆದ ಕಾದಂಬರಿಗೆ ಓದುಗರು ಸಿಗಲಿಲ್ಲ. ಡಿಕ್ಸನ್‌ಗೆ ಸಿಕ್ಕರು.

1933ರಲ್ಲಿ ಕವಿ, ವಿಮರ್ಶಕ ಸ್ಟರ್ಲಿಂಗ್ ಬ್ರೌನ್ ಬಿಳಿಯ ಲೇಖಕರು ಸೃಷ್ಟಿಸಿದ ಕಪ್ಪು ಪಾತ್ರಗಳನ್ನು 7 ಅಚ್ಚುಗಳಾಗಿ ವಿಂಗಡಿಸಿ ತೋರಿಸಿದರು. ಮೊದಲನೆಯದು ತೃಪ್ತ ಗುಲಾಮ. ಮೂರು ವರ್ಷಗಳ ನಂತರ ಬಂದ ಮಾರ್ಗರೆಟ್ ಮಿಚೆಲ್ ಅವರ ‘ಗಾನ್ ವಿತ್ ದಿ ವಿಂಡ್’ ಕಾದಂಬರಿ ಅದೇ ಅಚ್ಚನ್ನು ಇಡೀ ಜಗತ್ತಿಗೆ ಪರಿಚಯಿಸಿತು. 1939ರ ಡಿಸೆಂಬರ್‌ನಲ್ಲಿ ಅದನ್ನು ಆಧರಿಸಿದ ಸಿನಿಮಾದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ನಡೆದಾಗ, ಪ್ರತ್ಯೇಕತೆಯ ಕಟ್ಟಳೆಯಿಂದಾಗಿ ಧಣಿಯ ಮನೆಯ ಸೇವಕಿ ಮ್ಯಾಮಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡ್ಯಾನಿಯಲ್ ಅಲ್ಲಿಗೆ ಹೋಗುವಂತಿರಲಿಲ್ಲ. ಮರುವರ್ಷ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದರು. ಆ ಸಮಾರಂಭದಲ್ಲೂ ಅವರನ್ನು ಕೂರಿಸಿದ್ದು ಬೇರೆ ಮೇಜಿನಲ್ಲಿ.

ಇದೇ ವರ್ಷಗಳಲ್ಲಿ, 1936ರಿಂದ 1938ರವರೆಗೆ, ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಸರ್ಕಾರಿ ಯೋಜನೆಯಡಿ ಇನ್ನೂ ಬದುಕಿದ್ದ ಮಾಜಿ ಗುಲಾಮರ 2,300ಕ್ಕೂ ಹೆಚ್ಚು ಹೇಳಿಕೆಗಳು ದಾಖಲಾದವು. ಬರೆದುಕೊಂಡವರಲ್ಲಿ ಬಹುಪಾಲು ದಕ್ಷಿಣದ ಬಿಳಿಯರು. ಹೇಳುವವರು ಬಡತನದಲ್ಲಿದ್ದ, ಅದೇ ಊರಿನಲ್ಲಿ ಬಾಳಬೇಕಿದ್ದ ವೃದ್ಧರು. ಧಣಿ ಒಳ್ಳೆಯವನಿದ್ದ ಎಂಬ ಮಾತು ಇವುಗಳಲ್ಲಿ ಆಗಾಗ ಬರುವುದರಿಂದ, ಪೇಜ್ ಬರೆದದ್ದು ನಿಜವೇ ಎಂದು ವಾದಿಸುವವರಿಗೆ ಇವು ಆಧಾರವಾಗಿ ಕಂಡಿವೆ. ಆ ವಾದಕ್ಕೆ ದಾಖಲೆಗಳಲ್ಲೇ ಉತ್ತರವಿದೆ. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತನಾಡಿಸಿದ್ದರು. ಬಿಳಿಯ ಮಹಿಳೆಗೆ ಅವರು ಹೇಳಿದ್ದು ಧಣಿಯ ದಯೆಯ ಬಗ್ಗೆ. ಕಪ್ಪು ಸಂದರ್ಶಕ ಅಗಸ್ಟಸ್ ಲ್ಯಾಡ್ಸನ್‌ಗೆ ಹೇಳಿದ್ದು ಚಾವಟಿಯ ಏಟುಗಳ ಬಗ್ಗೆ, ಮುನ್ಸೂಚನೆಯೇ ಇಲ್ಲದೆ ತಾಯಿ, ತಂದೆ, ಒಡಹುಟ್ಟಿದವರನ್ನು ಮಾರಿಬಿಟ್ಟಾಗ ಹಗಲಿರುಳು ಕೇಳಿಬರುತ್ತಿದ್ದ ಕೂಗಿನ ಬಗ್ಗೆ.