ಲೆಕ್ಕದ ತಂತ್ರಾಂಶ: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಹಾವೇರಿ ಕಡೆಯ ಒಂದು ಪಟ್ಟಣದಲ್ಲಿ ಪೈಪು ಮತ್ತು ಪಂಪ್‌ಸೆಟ್ ಬಿಡಿಭಾಗಗಳನ್ನು ಮಾರುವ ಅಂಗಡಿಯೊಂದಿದೆ. ಅದರ ಮಾಲೀಕರು ನನಗೆ ಪರಿಚಿತರು. ಹಲವು ವರ್ಷ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಉದ್ರಿ ಬರೆದುಕೊಂಡು ಬಂದವರು ಮುಂದೆ ಗಣಕ ಕೊಂಡರು. ಊರಿನಲ್ಲೇ ಇದ್ದ ಒಬ್ಬರು ಬಿಲ್ಲಿಂಗ್ ತಂತ್ರಾಂಶವನ್ನು ಬರೆದುಕೊಟ್ಟರು. ಬೆಲೆ ಕಡಿಮೆಯಿತ್ತು, ಬಿಲ್ಲು ಅಂದವಾಗಿ ಮುದ್ರಣವಾಗುತ್ತಿತ್ತು. ಆರು ವರ್ಷ ಯಾವ ತೊಂದರೆಯೂ ಇರಲಿಲ್ಲ. ಒಂದು ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ಕೆಟ್ಟಿತು. ಪೆನ್ ಡ್ರೈವಿನಲ್ಲಿ ಬ್ಯಾಕಪ್ ಇದ್ದುದರಿಂದ ಅವರು ಗಾಬರಿಯಾಗಲಿಲ್ಲ. ಆದರೆ ಹೊಸ ಗಣಕದಲ್ಲಿ ತಂತ್ರಾಂಶ ನಡೆಯಬೇಕಾದರೆ ಅದನ್ನು ಬರೆದವರಿಂದ ಒಂದು ಸಂಕೇತ ಸಂಖ್ಯೆ ಬೇಕಿತ್ತು. ಅವರು ಊರು ಬಿಟ್ಟು ಎರಡು ವರ್ಷವಾಗಿತ್ತು, ದೂರವಾಣಿ ಸಂಖ್ಯೆಯೂ ಬದಲಾಗಿತ್ತು. ಕೊನೆಗೆ ಅಂಗಡಿಗೆ ಬಂದ ರೈತರನ್ನೇ "ನಿಮ್ಮ ಬಾಕಿ ಎಷ್ಟಿತ್ತು?" ಎಂದು ಕೇಳಿ ಹೊಸ ಖಾತೆ ತೆರೆಯಬೇಕಾಯಿತು. ಹೆಚ್ಚಿನವರು ಇದ್ದದ್ದನ್ನು ಇದ್ದಂತೆ ಹೇಳಿದರು. ಅದು ಗಿರಾಕಿಗಳ ದೊಡ್ಡತನ. ತಂತ್ರಾಂಶದ ಗುಣವೇನೂ ಅಲ್ಲ.

ಸಣ್ಣ ವ್ಯಾಪಾರಕ್ಕೆ ಲೆಕ್ಕದ ತಂತ್ರಾಂಶ ಆರಿಸುವಾಗ ನೀವು ಕೇಳುವ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಬೆಲೆ ಎಷ್ಟು? ಬಿಲ್ಲು ಬೇಗ ಬರುತ್ತದೆಯೇ? ಜಿ.ಎಸ್.ಟಿ. ಆಗುತ್ತದೆಯೇ? ಇವೆಲ್ಲ ಬರೆಯುವ ಅನುಕೂಲಕ್ಕೆ ಸಂಬಂಧಿಸಿದವು. ಬರೆದದ್ದನ್ನು ಯಾರಾದರೂ ಅಳಿಸಿದರೆ, ಗಣಕ ಕೆಟ್ಟರೆ, ತಂತ್ರಾಂಶವನ್ನೇ ಬದಲಿಸಬೇಕಾಗಿ ಬಂದರೆ ನಿಮ್ಮ ಲೆಕ್ಕ ಏನಾಗುತ್ತದೆ ಎಂದು ಕೇಳುವವರು ವಿರಳ. ಮೊದಲು ಕೇಳಬೇಕಾದದ್ದು ಇದನ್ನೇ. ಈ ಅಳತೆಗೋಲು ಹಿಡಿದು ಬಳಕೆಯಲ್ಲಿರುವ ಕೆಲವು ತಂತ್ರಾಂಶಗಳನ್ನು ಪರಿಶೀಲಿಸೋಣ.

ತಾಳೆ ಪಟ್ಟಿ ಹೇಳದ ಸಂಗತಿ

ಎಲ್ಲ ಲೆಕ್ಕದ ತಂತ್ರಾಂಶಗಳ ಒಳಗೂ ಇರುವುದು ದ್ವಿನಮೂದು ಪದ್ಧತಿ. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಮುದ್ರಿಸಿದ ಗಣಿತ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ನೀವು ಶೇ. 18 ತೆರಿಗೆಯ ಸರಕನ್ನು ರೂ. 10,000ಕ್ಕೆ ಉದ್ರಿ ಮಾರಿದಿರಿ ಎನ್ನಿ. ಗಿರಾಕಿಯ ಖಾತೆಗೆ ರೂ. 11,800 ಡೆಬಿಟ್ ಆಗುತ್ತದೆ. ಮಾರಾಟದ ಖಾತೆಗೆ ರೂ. 10,000, ಕೇಂದ್ರ ತೆರಿಗೆಗೆ ರೂ. 900, ರಾಜ್ಯ ತೆರಿಗೆಗೆ ರೂ. 900 ಕ್ರೆಡಿಟ್ ಆಗುತ್ತವೆ. ಎರಡೂ ಬದಿ ಸಮ. ರೋಜುಕೀರ್ದಿಯಿಂದ ಖಾತೆಗೆ, ಖಾತೆಯಿಂದ ತಾಳೆ ಪಟ್ಟಿಗೆ ಏರಿಸುವ ಕೆಲಸವನ್ನು ಗಣಕ ಕ್ಷಣಾರ್ಧದಲ್ಲಿ ಮುಗಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಈ ಬಿಲ್ಲನ್ನು ಯಾರಾದರೂ ಇಡಿಯಾಗಿ ಅಳಿಸಿದರೆ ನಾಲ್ಕು ಖಾತೆಗಳಿಂದಲೂ ಮೊತ್ತ ಒಟ್ಟಿಗೇ ಹೋಗುತ್ತದೆ. ಆಗಲೂ ತಾಳೆ ಪಟ್ಟಿ ಸರಿಯಾಗಿಯೇ ತಾಳೆಯಾಗುತ್ತದೆ! ಕಾಗದದ ಪುಸ್ತಕದಲ್ಲಿ ಅಂಕಿಯನ್ನು ಕೆರೆದರೆ ಕೆರೆದ ಗುರುತು ಉಳಿಯುತ್ತದೆ, ಹಾಳೆ ಹರಿದರೆ ಹೊಲಿಗೆ ಸಡಿಲವಾಗುತ್ತದೆ. ಗಣಕದಲ್ಲಿ, ತಂತ್ರಾಂಶ ಪ್ರತ್ಯೇಕವಾಗಿ ಗುರುತಿಟ್ಟುಕೊಳ್ಳದಿದ್ದರೆ, ಏನೂ ಉಳಿಯುವುದಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಕುಳಿತ ನಂಬಿಗಸ್ತ ನೌಕರನಿಗೂ, ನೌಕರನನ್ನು ನಂಬಿದ ಮಾಲೀಕನಿಗೂ ಇದು ಮುಖ್ಯ. ನಾಳೆ ಅನುಮಾನ ಬಂದರೆ ನೌಕರ ತಾನು ಅಳಿಸಿಲ್ಲವೆಂದು ತೋರಿಸಲು ಅವನ ಬಳಿ ಬೇರೆ ಸಾಕ್ಷಿ ಇರುವುದಿಲ್ಲ.

ಕಾನೂನೇ ಒಡ್ಡುವ ಮೂರು ಪರೀಕ್ಷೆಗಳು

ಮೇಲಿನ ಮಾತು ಕೇವಲ ವಿವೇಕದ ಸಲಹೆಯಲ್ಲ. ಜಿ.ಎಸ್.ಟಿ. ನೋಂದಣಿ ಪಡೆದವರಿಗೆ ಅನ್ವಯಿಸುವ 2017ರ ಕೇಂದ್ರ ಜಿ.ಎಸ್.ಟಿ. ನಿಯಮಗಳಲ್ಲೇ ಇದು ಇದೆ. 56ನೇ ನಿಯಮದ ಪ್ರಕಾರ ಲೆಕ್ಕವನ್ನು ಗಣಕದಲ್ಲಿ ಇಟ್ಟಿದ್ದರೆ ತಿದ್ದಿದ ಹಾಗೂ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆ ಇರಬೇಕು. 57ನೇ ನಿಯಮದ ಪ್ರಕಾರ ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ಲೆಕ್ಕ ನಾಶವಾದರೆ ಅದನ್ನು ತಕ್ಕ ಅವಧಿಯೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕು. ಅಧಿಕಾರಿಗಳು ಕೇಳಿದಾಗ ಕಾಗದದಲ್ಲೋ, ಗಣಕದಲ್ಲಿ ಓದಬಲ್ಲ ಕಡತವಾಗಿಯೋ ಒದಗಿಸಬೇಕೆಂದೂ ಅದೇ ನಿಯಮ ಹೇಳುತ್ತದೆ.

ಎಷ್ಟು ಕಾಲ? ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. 2021-22ರ ಲೆಕ್ಕದ ವಾರ್ಷಿಕ ವಿವರಪಟ್ಟಿಗೆ 2022ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಎಂದರೆ ಆ ಲೆಕ್ಕ 2028ರ ಡಿಸೆಂಬರ್ 31ರವರೆಗೆ ಓದಲು ಬರುವಂತಿರಬೇಕು. ಅಷ್ಟರಲ್ಲಿ ನಿಮ್ಮ ಗಣಕ ಒಮ್ಮೆಯಾದರೂ ಬದಲಾಗಿರುತ್ತದೆ. ತಂತ್ರಾಂಶವೂ ಬದಲಾಗಿರಬಹುದು.

ಹೀಗೆ ಮೂರು ಪರೀಕ್ಷೆಗಳು ಸಿದ್ಧವಾದವು: ತಿದ್ದಿದ್ದಕ್ಕೆ ಗುರುತು ಉಳಿಯುತ್ತದೆಯೇ? ಬ್ಯಾಕಪ್ಪಿನಿಂದ ಲೆಕ್ಕ ಮರಳಿ ಬರುತ್ತದೆಯೇ? ಲೆಕ್ಕವನ್ನು ಬೇರೆಯವರು ಓದಬಲ್ಲ ರೂಪದಲ್ಲಿ ಹೊರತೆಗೆಯಲು ಬರುತ್ತದೆಯೇ?

ಟ್ಯಾಲಿ

ಟ್ಯಾಲಿ ಬೆಂಗಳೂರಿನ ಕೂಸು. 1986ರಲ್ಲಿ ಶ್ಯಾಮ್‌ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಪ್ಯೂಟ್ರಾನಿಕ್ಸ್ ಸಂಸ್ಥೆಯಿಂದ ಬಂದದ್ದು. ಡಾಸ್ ಕಾಲದಿಂದ 2009ರ ಟ್ಯಾಲಿ ಇ.ಆರ್.ಪಿ. 9 ಹಾಗೂ 2020ರ ಟ್ಯಾಲಿ ಪ್ರೈಮ್‌ವರೆಗೆ ಅದು ಬೆಳೆದಿದೆ. ನಮ್ಮ ಪಟ್ಟಣಗಳಲ್ಲಿ "ಟ್ಯಾಲಿ ಬರುತ್ತದೆ" ಎನ್ನುವುದೇ ಒಂದು ವಿದ್ಯಾರ್ಹತೆ. ಇದರ ಅತಿ ದೊಡ್ಡ ಬಲವೂ ಇದೇ. ನಿಮ್ಮ ನೌಕರ ಬಿಟ್ಟುಹೋದರೆ ಇನ್ನೊಬ್ಬರು ಸಿಗುತ್ತಾರೆ, ಲೆಕ್ಕಪರಿಶೋಧಕರ ಕಚೇರಿಯಲ್ಲೂ ಅದೇ ತಂತ್ರಾಂಶವಿರುತ್ತದೆ. ಜಿ.ಎಸ್.ಟಿ. ವಿವರಪಟ್ಟಿಗೆ ಬೇಕಾದ ಮಾಹಿತಿಯೂ ಸಿದ್ಧವಾಗಿ ಬರುತ್ತದೆ.

ಮೊದಲ ಪರೀಕ್ಷೆಯಲ್ಲಿ ಟ್ಯಾಲಿ ಬಹುಕಾಲ ಹಿಂದೆ ಬಿದ್ದಿತ್ತು. ಹಳೆಯ ದಿನಾಂಕದ ವೋಚರನ್ನು ಎರಡು ಕೀಲಿ ಒತ್ತಿ ಅಳಿಸಬಹುದಿತ್ತು. ಸಂಖ್ಯೆಗಳನ್ನು ತಂತ್ರಾಂಶವೇ ಕೊಡುವಂತೆ ಹೊಂದಿಸಿದ್ದರೆ ಅಳಿಸಿದ ನಂತರದ ವೋಚರುಗಳ ಸಂಖ್ಯೆ ತಾನಾಗಿ ಬದಲಾಗಿ ನಡುವಿನ ಖಾಲಿಯೂ ಮುಚ್ಚಿಹೋಗುತ್ತಿತ್ತು. ಬೇಗ ತಿದ್ದಲು ಬರುತ್ತದೆಂದೇ ಹಲವರು ಇದನ್ನು ಮೆಚ್ಚಿಕೊಂಡಿದ್ದರು ಎಂಬುದೂ ನಿಜ. 2022ರಲ್ಲಿ ಬಂದ 2.1ನೇ ಆವೃತ್ತಿಯಿಂದ ತಿದ್ದುಪಡಿಯ ದಾಖಲೆ ಸೇರಿದೆ. 2023ರ 3.0ನೇ ಆವೃತ್ತಿಯಲ್ಲಿ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳುವ ಆಯ್ಕೆ ಬಂತು. ಆದರೆ ಸಾಮಾನ್ಯ ಟ್ಯಾಲಿ ಪ್ರೈಮ್‌ನಲ್ಲಿ ಈ ದಾಖಲೆಯನ್ನು ಬೇಕೆಂದರೆ ಚಾಲೂ, ಬೇಡವೆಂದರೆ ಬಂದ್ ಮಾಡಬಹುದು. ಬಂದ್ ಮಾಡಲಾಗದ ರೂಪ ಪ್ರತ್ಯೇಕವಾಗಿದೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳಿಗೆ ಇಂಥ ತಂತ್ರಾಂಶ ಕಡ್ಡಾಯವಾಗಿದೆ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಆ ಕಾಯ್ದೆ ತಾಗದಿದ್ದರೂ ನೀವು ಈ ದಾಖಲೆಯನ್ನು ಚಾಲೂ ಇಡುವುದೇ ಲೇಸು.

ಎರಡನೆಯ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆ. ಟ್ಯಾಲಿ ವಾಲ್ಟ್ ಎಂಬ ಸೌಲಭ್ಯ ಲೆಕ್ಕವನ್ನು ಗೂಢಲಿಪಿಗೆ ತಿರುಗಿಸಿಡುತ್ತದೆ. ಅದರ ಗುಪ್ತಪದ ಮರೆತರೆ ಲೆಕ್ಕವನ್ನು ಮರಳಿ ಪಡೆಯಲಾಗದು. ಗುಪ್ತಪದ ನೌಕರನೊಬ್ಬನಿಗೆ ಮಾತ್ರ ಗೊತ್ತಿದ್ದರೆ ನಿಮ್ಮ ವ್ಯಾಪಾರದ ಕೀಲಿ ಅವನ ಜೇಬಿನಲ್ಲಿದೆ ಎಂದೇ ಅರ್ಥ.

ಮೂರನೆಯದರಲ್ಲಿ ಫಲಿತಾಂಶ ಮಿಶ್ರ. ಲೆಕ್ಕವನ್ನು ಟ್ಯಾಲಿ ತನ್ನದೇ ರೂಪದ ಕಡತಗಳಲ್ಲಿ ಇಡುತ್ತದೆ. ಎಕ್ಸೆಲ್, ಪಿ.ಡಿ.ಎಫ್. ಹಾಗೂ ಎಕ್ಸ್.ಎಂ.ಎಲ್. ರೂಪದಲ್ಲಿ ಹೊರತೆಗೆಯಲು ಬರುತ್ತದೆ. ಕೊಂಡ ಪರವಾನಗಿ ಶಾಶ್ವತವಾದದ್ದಾದರೆ, ಹೊಸ ಆವೃತ್ತಿಗಳ ಚಂದಾ ನಿಲ್ಲಿಸಿದರೂ ಇರುವ ಆವೃತ್ತಿ ನಡೆಯುತ್ತಲೇ ಇರುತ್ತದೆ. ವರ್ಷದ ಬಾಡಿಗೆಯ ಪರವಾನಗಿಗೆ ಈ ಭರವಸೆಯಿಲ್ಲ. ಎರಡರ ಬೆಲೆ ಹೋಲಿಸುವಾಗ ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗ್ನೂಕ್ಯಾಶ್

ಇದು 1998ರಿಂದ ಬೆಳೆದುಬಂದ ಮುಕ್ತ ತಂತ್ರಾಂಶ. ಬೆಲೆಯಿಲ್ಲ, ಪರವಾನಗಿ ಸಂಖ್ಯೆಯಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಲೆಕ್ಕವನ್ನು ಎಕ್ಸ್.ಎಂ.ಎಲ್. ಕಡತವಾಗಿಯೋ ಎಸ್‌ಕ್ಯೂಲೈಟ್ ಮುಂತಾದ ದತ್ತಸಂಚಯದಲ್ಲೋ ಇಡಬಹುದು. ಅದರ ರಚನೆ ಬಹಿರಂಗವಾಗಿರುವುದರಿಂದ ಮೂರನೆಯ ಪರೀಕ್ಷೆಯಲ್ಲಿ ಇದಕ್ಕೆ ಪೂರ್ಣ ಅಂಕ. ಹತ್ತು ವರ್ಷದ ನಂತರ ಗ್ನೂಕ್ಯಾಶ್ ಇಲ್ಲದಿದ್ದರೂ ಒಬ್ಬ ಸಾಮಾನ್ಯ ಕ್ರಮವಿಧಿಕಾರ ನಿಮ್ಮ ಲೆಕ್ಕವನ್ನು ಓದಬಲ್ಲ.

ಉಳಿದೆಡೆ ಇದನ್ನು ಹೊಗಳುವಂತಿಲ್ಲ. ಸರಕಿನ ದಾಸ್ತಾನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲ. ಒಂದೇ ಲೆಕ್ಕವನ್ನು ಇಬ್ಬರು ಏಕಕಾಲದಲ್ಲಿ ಬರೆಯಲಾಗದು. ಜಿ.ಎಸ್.ಟಿ. ವಿವರಪಟ್ಟಿ ಸಿದ್ಧವಾಗಿ ಬರುವುದಿಲ್ಲ, ಜಿ.ಎಸ್.ಟಿ. ಜಾಲತಾಣದ ಉಚಿತ ಉಪಕರಣಕ್ಕೆ ನೀವೇ ಅಂಕಿಗಳನ್ನು ಹೊಂದಿಸಿ ಕೊಡಬೇಕು. ಬದಲಾವಣೆಗಳ ದಾಖಲೆಯನ್ನೂ ಬ್ಯಾಕಪ್ಪನ್ನೂ ಅದು ತಾನಾಗಿ ಇಡುತ್ತದಾದರೂ ಮೊದಲಿನಿಂದ ಇರುವ ಹೊಂದಿಕೆಯಲ್ಲಿ 30 ದಿನಗಳ ನಂತರ ಅವನ್ನು ಅಳಿಸಿಬಿಡುತ್ತದೆ. ಈ ಹೊಂದಿಕೆಯನ್ನು "ಸದಾ ಉಳಿಸು" ಎಂದು ಬದಲಿಸದಿದ್ದರೆ ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣ. ತಿಂಗಳಿಗೆ ಹತ್ತಿಪ್ಪತ್ತು ಬಿಲ್ಲು ಬರೆಯುವ ಅನುವಾದಕ, ವಾಸ್ತುಶಿಲ್ಪಿ, ದುರಸ್ತಿಗಾರರಿಗೆ ಇದು ಚೆನ್ನ. ಕಿರಾಣಿ ಅಂಗಡಿಗೆ, ಔಷಧ ಅಂಗಡಿಗೆ ತಕ್ಕದ್ದಲ್ಲ.

ಎಕ್ಸೆಲ್ ಸಾಲದೇ ಎಂದು ಕೇಳುವವರಿದ್ದಾರೆ. ಕೂಡಿ ನೋಡಲು ಸಾಕು, ಲೆಕ್ಕವಿಡಲು ಸಾಲದು. ಡೆಬಿಟ್ಟಿಗೂ ಕ್ರೆಡಿಟ್ಟಿಗೂ ಸರಿಹೊಂದಬೇಕೆಂಬ ಕಟ್ಟು ಅದರಲ್ಲಿಲ್ಲ. ಸೂತ್ರವಿದ್ದ ಚೌಕದ ಮೇಲೆ ಅಂಕಿ ಬರೆದರೆ ಸೂತ್ರ ಸದ್ದಿಲ್ಲದೆ ಹೋಗುತ್ತದೆ.

ಹೆಸರು ಯಾವ ಲಿಪಿಯಲ್ಲಿ?

ನಮ್ಮ ಅಂಗಡಿಗಳಿಗೆ ವಿಶೇಷವಾದ ಇನ್ನೊಂದು ಸಂಗತಿಯನ್ನು ವಿಮರ್ಶಕರು ಮರೆಯುತ್ತಾರೆ. ಬಸವರಾಜ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ರೀತಿ ಬರೆಯಬಹುದು. ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಬಿಲ್ಲು ಮಾಡಿದರೆ ಒಬ್ಬನೇ ಗಿರಾಕಿಗೆ ಎರಡು ಖಾತೆ ತೆರೆಯುತ್ತದೆ. ಅವನು ಕಟ್ಟಿದ ಹಣ ಒಂದರಲ್ಲಿ ಜಮಾ ಆದರೆ, ಬಾಕಿ ಇನ್ನೊಂದರಲ್ಲಿ ನಿಲ್ಲುತ್ತದೆ. ಕಟ್ಟಿದ ಹಣವನ್ನು ಮತ್ತೆ ಕೇಳಿಸಿಕೊಂಡ ಗಿರಾಕಿ ಮರಳಿ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಕನ್ನಡದಲ್ಲಿ ಹೆಸರು ಬರೆದರೆ ಈ ಗೊಂದಲ ಬಹಳ ಕಡಿಮೆ. 2006ರ ಟ್ಯಾಲಿ 9ರಲ್ಲೇ ಕನ್ನಡದ ಸೌಲಭ್ಯ ಬಂದಿತ್ತು, ಯುನಿಕೋಡ್ ಬಳಸುವ ಗ್ನೂಕ್ಯಾಶ್‌ನಲ್ಲೂ ಕನ್ನಡ ಹೆಸರುಗಳಿಗೆ ತೊಡಕಿಲ್ಲ. ಸೌಲಭ್ಯವಿದ್ದರೂ ಕಲಿಸುವವರು ಇಂಗ್ಲಿಷಿನಲ್ಲೇ ಕಲಿಸುತ್ತಾರೆ, ನಾವೂ ಕೇಳುವುದಿಲ್ಲ.

ದೊಡ್ಡವರೂ ಅಂಗಡಿ ಮುಚ್ಚುತ್ತಾರೆ

ಊರಿನ ತಂತ್ರಾಂಶಗಾರ ಕೈಕೊಟ್ಟಾನು, ದೊಡ್ಡ ಕಂಪನಿ ಕೊಡಲಾರದು ಎಂದು ನೀವು ಹೇಳಬಹುದು. ಮೈಕ್ರೋಸಾಫ್ಟ್ ತನ್ನ ಆಫೀಸ್ ಅಕೌಂಟಿಂಗ್ ತಂತ್ರಾಂಶದ ವಿತರಣೆಯನ್ನು 2009ರ ನವೆಂಬರಿನಲ್ಲಿ ನಿಲ್ಲಿಸಿತು. ಅಮೆರಿಕದ ಇಂಟ್ಯೂಟ್ ಸಂಸ್ಥೆ ಅಂತರಜಾಲದ ಮೂಲಕ ಭಾರತದಲ್ಲಿ ನಡೆಸುತ್ತಿದ್ದ ಕ್ವಿಕ್‌ಬುಕ್ಸ್ ಸೇವೆಯನ್ನು 2023ರಲ್ಲಿ ಮುಚ್ಚಿತು. ಬಳಕೆದಾರರು ತಮ್ಮ ಲೆಕ್ಕವನ್ನು ಇಳಿಸಿಕೊಂಡು ಬೇರೆ ದಾರಿ ಹುಡುಕಬೇಕಾಯಿತು. ತಯಾರಕರ ಹೆಸರು ಎಷ್ಟೇ ದೊಡ್ಡದಿರಲಿ, ಲೆಕ್ಕವನ್ನು ಹೊರತೆಗೆಯುವ ದಾರಿ ನಿಮಗೆ ಗೊತ್ತಿರಬೇಕು.

ಅಂಗಡಿಯಲ್ಲೇ ಮಾಡಬಹುದಾದ ಪ್ರಯೋಗ

ಕೊಳ್ಳುವ ಮುನ್ನ ಮಾರಾಟ ಪ್ರತಿನಿಧಿಯ ಎದುರಿಗೇ ಹೀಗೆ ಮಾಡಿ. ನಿಮ್ಮ ಒಂದು ವಾರದ ನಿಜವಾದ ಬಿಲ್ಲುಗಳನ್ನು ಬರೆಯಿಸಿ. ವಾಪಸು ಬಂದ ಸರಕು, ಮುಂಗಡ ಹಣ, ಅರ್ಧ ನಗದು ಅರ್ಧ ಉದ್ರಿಯ ವ್ಯವಹಾರವೂ ಅದರಲ್ಲಿರಲಿ. ಬಳಿಕ ನಡುವಿನ ಒಂದು ಬಿಲ್ಲನ್ನು ಅಳಿಸಿ, ಇನ್ನೊಂದರ ಮೊತ್ತ ತಿದ್ದಿ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂದು ತೋರಿಸಲು ಹೇಳಿ. ನಂತರ ಬ್ಯಾಕಪ್ ತೆಗೆದು ಬೇರೊಂದು ಗಣಕದಲ್ಲಿ ತೆರೆಸಿ. ಕೊನೆಯದಾಗಿ ಎಲ್ಲ ಖಾತೆ, ಎಲ್ಲ ವೋಚರುಗಳನ್ನು ಒಂದು ಕಡತಕ್ಕೆ ಹೊರತೆಗೆಸಿ ನಿಮ್ಮ ಲೆಕ್ಕಪರಿಶೋಧಕರಿಗೆ ಕೊಡಿ. ಆ ತಂತ್ರಾಂಶವಿಲ್ಲದೆಯೇ ಅವರಿಗೆ ಶಿಲ್ಕು, ಬಾಕಿ ತಿಳಿಯಿತೇ ಎಂದು ಕೇಳಿ. ಇಷ್ಟಕ್ಕೆ ಅರ್ಧ ದಿನ ಸಾಕು. ಇದಕ್ಕೆ ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.

ಕೊಂಡ ಮೇಲೂ ಕೆಲಸ ಉಳಿದಿರುತ್ತದೆ. ಬ್ಯಾಕಪ್ಪಿನ ಒಂದು ಪ್ರತಿ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿರಲಿ. ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ. ಮಾರ್ಚ್ 31ರಂದು ತಾಳೆ ಪಟ್ಟಿ ಹಾಗೂ ಗಿರಾಕಿಗಳ ಬಾಕಿ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಮಾಡಿ ಇಡಿ.

ಹಾವೇರಿ ಕಡೆಯ ಆ ಅಂಗಡಿಯವರು ಈಗ ಬೇರೆ ತಂತ್ರಾಂಶ ಕೊಂಡಿದ್ದಾರೆ. ಪ್ರತಿ ತಿಂಗಳ ಮೊದಲ ತಾರೀಕು ಉದ್ರಿ ಬಾಕಿಯ ಪಟ್ಟಿ ಮುದ್ರಿಸಿ ಹಳೆಯ ಕೆಂಪು ರಟ್ಟಿನೊಳಗೆ ಇಡುತ್ತಾರೆ. ಎಂಟು ಹಾಳೆ ಕಾಗದದ ಖರ್ಚು.