ಮುಟ್ಟಬೇಡ ಎಂದ ಬಾವುಟ ಮತ್ತು ಹೆಂಗಸರ ಸಫಾರಿ

1891ರಲ್ಲಿ ಅಮೆರಿಕದ ಒಬ್ಬ ಹೆಂಗಸು ಆಫ್ರಿಕಾದ ಪೂರ್ವ ಕರಾವಳಿಯ ಮೊಂಬಾಸಾದಿಂದ ಕಿಲಿಮಂಜಾರೊ ಬೆಟ್ಟದ ಕಡೆ ಹೊರಟಳು. ಹೆಸರು ಮೇ ಫ್ರೆಂಚ್ ಶೆಲ್ಡನ್. ಗಂಡ ಜೊತೆಗಿರಲಿಲ್ಲ. ಮೊಂಬಾಸಾದಲ್ಲಿದ್ದ ಇಂಗ್ಲಿಷ್ ಕಂಪನಿಯ ಅಧಿಕಾರಿಗಳು ಹೆಂಗಸಿಗೆ ಇದು ಆಗೋ ಕೆಲಸ ಅಲ್ಲ ಎಂದು ಅಡ್ಡ ನಿಂತರು. ಆಕೆ ಜಾಂಜಿಬಾರಿಗೆ ಹೋಗಿ, ಅಲ್ಲಿನ ಸುಲ್ತಾನನ ನೆರವಿನಿಂದ ಆಳುಗಳನ್ನು ಕೂಡಿಸಿಕೊಂಡು ಬಂದಳು. ಮುಂದಿನ ವರ್ಷ ‘ಸುಲ್ತಾನ್ ಟು ಸುಲ್ತಾನ್’ ಎಂಬ ಪುಸ್ತಕ ಬರೆದಳು. ಈಗ ಹೆಂಗಸರಿಗಾಗಿಯೇ ಸಣ್ಣ ಸಣ್ಣ ಗುಂಪಿನ ಸಫಾರಿಗಳನ್ನು ಮಾರುವವರು ಬಳಸುವ ಭಾಷೆಯ ಬೇರು ಹುಡುಕಿ ಹೊರಟರೆ ಈ ಪುಸ್ತಕಕ್ಕೆ ಬಂದು ನಿಲ್ಲಬೇಕಾಗುತ್ತದೆ.

ಆಕೆ ಒಂಟಿಯಾಗಿ ಹೋದಳು ಅಂತ ಇವತ್ತಿಗೂ ಹೊಗಳ್ತಾರೆ. ಒಂಟಿ ಅಂದರೆ ಏನು? ನೂರಕ್ಕೂ ಹೆಚ್ಚು ಕರಿಯ ಹೊರೆಯಾಳುಗಳು ಜೊತೆಗಿದ್ದರು. ಆಕೆ ಕೂರಲು ಬೆತ್ತದ ಪಲ್ಲಕ್ಕಿ ಇತ್ತು. ಬುಡಕಟ್ಟಿನ ಮುಖ್ಯಸ್ಥರ ಮುಂದೆ ರಾಣಿಯ ಹಾಗೆ ಕಾಣಿಸಿಕೊಳ್ಳಲು ಬಿಳಿ ರೇಷ್ಮೆಯ ಉಡುಪು, ಹೊಂಬಣ್ಣದ ಟೋಪನ್ನು ಇದ್ದವು. ಇದನ್ನೆಲ್ಲ ಹೊತ್ತೋರು ಯಾರು? ನೂರು ಜನ ಸುತ್ತ ಇದ್ದೂ ಒಬ್ಬಳು ಒಂಟಿ ಅನ್ನಿಸಿಕೊಳ್ಳಬೇಕಾದರೆ ಆ ನೂರು ಜನ ಮನುಷ್ಯರ ಲೆಕ್ಕಕ್ಕೆ ಸೇರಿರಬಾರದು. ಈ ಲೆಕ್ಕ ನಮಗೆ ಹೊಸದೇನಲ್ಲ. ಜಾತ್ರೆಗೆ ಊರಿಗೆ ಊರೇ ಸೇರಿತ್ತು ಅಂತ ನಮ್ಮ ಸಾಹಿತಿಗಳು ಬರೆಯುವಾಗ ನಮ್ಮ ಕೇರಿ ಅದರೊಳಗೆ ಇತ್ತೆ?

ಆಕೆಯ ಕೈಯ ಕೋಲಿಗೆ ಒಂದು ಬಾವುಟ ಇತ್ತು. ಅದರ ಮೇಲೆ ಲ್ಯಾಟಿನ್ನಿನಲ್ಲಿ ‘ನೋಲಿ ಮೆ ತಾಂಜೆರೆ’ ಎಂದು ಬರೆಸಿದ್ದಳು. ಅಂದರೆ ನನ್ನನ್ನು ಮುಟ್ಟಬೇಡ. ಗಂಡಸರ ಲೋಕದಲ್ಲಿ ಹೆಂಗಸೊಬ್ಬಳು ಹೀಗೆ ಹೇಳಬೇಕಾಗುತ್ತದೆ. ಇದನ್ನು ಗೇಲಿ ಮಾಡುವ ಹಕ್ಕು ನಮಗಿಲ್ಲ. ತುಂಬಿದ ಬಸ್ಸಿನಲ್ಲಿ ನಮ್ಮ ಅಕ್ಕತಂಗಿಯರು ಕೈಯಲ್ಲಿ ಪಿನ್ನು ಹಿಡಿದು ನಿಲ್ಲುವುದೂ ಇದೇ ಮಾತು ಹೇಳೋದಕ್ಕೆ. ಆದರೆ ಅದೇ ಮಾತು ಪಲ್ಲಕ್ಕಿ ಹೊತ್ತವನ ಕಡೆ ತಿರುಗಿದಾಗ ಅದರ ಅರ್ಥ ಬೇರೆಯಾಗುತ್ತದೆ. ಹೊರಬೇಕು, ಮುಟ್ಟಬಾರದು. ಇದು ಯಾವ ಶಾಸ್ತ್ರ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಾರಿಯಲ್ಲಿ ಹೊರೆಯಾಳುಗಳು ತಿರುಗಿಬಿದ್ದಾಗ ಆಕೆ ಪಿಸ್ತೂಲು ಎತ್ತಿ, ಮೇಲೆ ಹಾರುತ್ತಿದ್ದ ರಣಹದ್ದನ್ನು ಹೊಡೆದು ಕೆಡವಿ, ಆಳುಗಳನ್ನು ಬೆದರಿಸಿದಳು. ಇದನ್ನು ಆಕೆಯೇ ಬರೆದುಕೊಂಡಿದ್ದಾಳೆ. ಆಕೆಗೆ ಸಂದ ಹೆಸರು ‘ಬೆಬೆ ಬ್ವಾನಾ’. ಹೆಣ್ಣು ದಣಿ.

ಅತ್ತ ಲಂಡನ್ನಿನಲ್ಲಿ ಈ ದಣಿಯ ಪಾಡು ಏನು? ಅಲ್ಲಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿ 1892-93ರಲ್ಲಿ 22 ಮಂದಿ ಹೆಂಗಸರನ್ನು ಸೇರಿಸಿಕೊಂಡಿತು. ಈಕೆಯೂ ಅವರಲ್ಲಿ ಒಬ್ಬಳು. ಗಂಡಸರು ಗಲಾಟೆ ಎಬ್ಬಿಸಿದರು. ಮತ್ತೆ 1913ರವರೆಗೆ ಹೆಂಗಸರಿಗೆ ಬಾಗಿಲು ಮುಚ್ಚಿತು. ಮೇಲಿನವರಿಂದ ತಳ್ಳಿಸಿಕೊಂಡವಳು ಕೆಳಗಿನವರ ಹೆಗಲ ಮೇಲೆ ಕೂತಿದ್ದಳು. ಎರಡೂ ನಿಜ. ವಿಮರ್ಶೆ ಎರಡನ್ನೂ ಒಟ್ಟಿಗೆ ಹೇಳದೆ ಹೋದರೆ ಅದು ಸುಳ್ಳು ವಿಮರ್ಶೆ.

ಆಮೇಲೆ ಬಂದದ್ದು ಕಾರೆನ್ ಬ್ಲಿಕ್ಸನ್ ಬರೆದ ‘ಔಟ್ ಆಫ್ ಆಫ್ರಿಕಾ’ (1937). ಡೆನ್ಮಾರ್ಕಿನ ಈ ಹೆಂಗಸು 1914ರಿಂದ 1931ರವರೆಗೆ ಕೀನ್ಯಾದ ಎನ್‌ಗೊಂಗ್ ಬೆಟ್ಟಗಳ ಬುಡದಲ್ಲಿ ಕಾಫಿ ತೋಟ ನಡೆಸಿದಳು. ಜಮೀನು 6,000 ಎಕರೆ. ಆ ನೆಲದಲ್ಲೇ ಹುಟ್ಟಿ ಬೆಳೆದ ಗಿಕುಯು ಜನ ಒಂದಿಷ್ಟು ಎಕರೆ ಉಳುಮೆ ಮಾಡಿಕೊಳ್ಳಲು ವರ್ಷಕ್ಕೆ ಇಂತಿಷ್ಟು ದಿನ ಆಕೆಯ ತೋಟದಲ್ಲಿ ದುಡಿಯಬೇಕಿತ್ತು. ಇಂಗ್ಲಿಷಿನಲ್ಲಿ ಅವರ ಹೆಸರು ‘ಸ್ಕ್ವಾಟರ್’, ಎಂದರೆ ಒತ್ತುವರಿ ಮಾಡಿ ಕೂತವರು. ನೆಲ ಕಳಕೊಂಡವನಿಗೇ ಒತ್ತುವರಿದಾರನ ಪಟ್ಟ! ಬ್ಲಿಕ್ಸನ್ ಇದನ್ನು ಕಾಣದ ಕುರುಡಿಯಲ್ಲ. ಈ ಜನರ ಕಣ್ಣಿಗೆ ತಾನೇ ದೊಡ್ಡ ಸ್ಕ್ವಾಟರ್ ಆಗಿ ಕಂಡಿರಬಹುದು ಎಂಬ ಮಾತು ಆ ಪುಸ್ತಕದಲ್ಲೇ ಬರುತ್ತದೆ. ತೋಟ ಮುಳುಗಿದಾಗ ಅವರಿಗೆಲ್ಲ ಒಂದೇ ಕಡೆ ನೆಲ ಕೊಡಿಸಲು ಸರ್ಕಾರಿ ಕಚೇರಿಗಳಿಗೆ ಅಲೆದಳು. ಅದನ್ನು ಒಪ್ಪೋಣ. ಆದರೆ ಪುಸ್ತಕದ ಸಂವೇದನೆ ಎಲ್ಲಿ ನಿಂತಿದೆ? ಗುಡ್ಡ, ಗಾಳಿ, ಸಿಂಹ, ಕರಿಯರು ಎಲ್ಲ ಒಂದೇ ಚಿತ್ರದೊಳಗಿನ ಚೆಲುವು. ಗಿಕುಯು ಜನರಲ್ಲೇ ಹುಟ್ಟಿದ ಗೂಗಿ ವಾ ಥಿಯಾಂಗೊ, ಆಕೆ ತನ್ನ ಅಡುಗೆಯ ಹುಡುಗನನ್ನು ಪಳಗಿದ ನಾಯಿಗೆ ಹೋಲಿಸಿದ್ದನ್ನೇ ಹಿಡಿದು ಈ ಬರಹದ ಪ್ರೀತಿ ಎಂಥದು ಎಂದು ಬಿಡಿಸಿ ತೋರಿಸಿದ. ನಾಯಿಯ ಮೇಲೂ ಪ್ರೀತಿ ಇರುತ್ತದೆ. ನಮಗೆ ಬೇಕಾದ್ದು ಅಂಥ ಪ್ರೀತಿಯಲ್ಲ.

1985ರಲ್ಲಿ ಇದು ಸಿನಿಮಾ ಆಯಿತು, ಏಳು ಆಸ್ಕರ್ ಗಿಟ್ಟಿಸಿತು. ಖಾಕಿ ಲಂಗ, ಬಿಳಿ ಅಂಗಿ, ಕ್ಯಾನ್ವಾಸ್ ಡೇರೆ, ಲಾಟೀನು, ಹುಲ್ಲುಗಾವಲ ನಡುವೆ ಬಿಳಿ ಬಟ್ಟೆ ಹಾಸಿದ ಮೇಜು. ಈಗಿನ ಹೆಂಗಸರ ಸಫಾರಿಯ ಜಾಹೀರಾತುಗಳು ಈ ಚಿತ್ರವನ್ನೇ ಮಾರುತ್ತವೆ. ಆರೆಂಟು ಮಂದಿ ಹೆಂಗಸರು, ಆದರೆ ಹೆಣ್ಣು ಗೈಡು, ಬೆಳಿಗ್ಗೆ ಸಿಂಹ, ಸಂಜೆ ಮಾತುಕತೆ. ‘ನಿನ್ನನ್ನು ನೀನು ಕಂಡುಕೋ’ ಎಂಬ ಉಪದೇಶ. ನಡುವೆ ಒಂದು ಮಧ್ಯಾಹ್ನ ಮಸಾಯಿ ಹಟ್ಟಿಗೆ ಹೋಗಿ ಹೆಂಗಸರು ಪೋಣಿಸಿದ ಮಣಿಸರ ಕೊಳ್ಳುವುದು. ಮಸಾಯಿ ಮಾರಾ ಕಾಡಿನಲ್ಲಿ ವಿದೇಶಿಯರ ಪ್ರವೇಶ ಶುಲ್ಕವೇ ಜುಲೈಯಿಂದ ಡಿಸೆಂಬರಿನವರೆಗೆ ದಿನಕ್ಕೆ 200 ಡಾಲರ್ ಎಂದು 2024ರಲ್ಲಿ ನಿಗದಿಯಾಯಿತು. ಡೇರೆಯ ಬಾಡಿಗೆ ಬೇರೆ.

ಹೆಂಗಸರು ಯಾಕೆ ಹೋಗಬಾರದು? ಖಂಡಿತ ಹೋಗಲಿ. ಜೀವಮಾನವೆಲ್ಲ ಒಲೆ ಮುಂದೆ ಕೂತವಳು, ಗಂಡನ ಅಪ್ಪಣೆ ಇಲ್ಲದೆ ಹೊಸಿಲು ದಾಟದವಳು, ಐವತ್ತರ ವಯಸ್ಸಿನಲ್ಲಿ ಆನೆ ನೋಡಲು ಹೊರಟರೆ ಅದು ಸಣ್ಣ ಬಿಡುಗಡೆಯಲ್ಲ. ನನ್ನ ತಕರಾರು ಆಕೆಯ ಮೇಲಲ್ಲ. ‘ಹೆಂಗಸರು’ ಎಂಬ ಪದವನ್ನು ಈ ಜಾಹೀರಾತು ಬಳಸುವ ರೀತಿಯ ಮೇಲೆ. ನೋಡುವವಳು ಹೆಂಗಸು. ಹಾಸಿಗೆ ಮಡಚುವವಳು ‘ಸಿಬ್ಬಂದಿ’. ಮಣಿ ಪೋಣಿಸುವವಳು ‘ಸಂಸ್ಕೃತಿ’.

ಅದೇ ಹುಲ್ಲುಗಾವಲಿನಲ್ಲಿ ಇನ್ನೊಂದು ಹೆಂಗಸರ ಗುಂಪು ಇದೆ. 1959ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಿಂದ ಮಸಾಯಿಗಳನ್ನು ಎಬ್ಬಿಸಿ ಎನ್‌ಗೊರೊಂಗೊರೊ ಕಡೆಗೆ ಕಳಿಸಿದರು. ಇಂಗ್ಲಿಷರ ಆಳ್ವಿಕೆ ಅದು. ಇಂಗ್ಲಿಷರು ಹೋದರು, ಎಬ್ಬಿಸುವುದು ಹೋಗಲಿಲ್ಲ. ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಮೇವಿನ ನೆಲವನ್ನು ವನ್ಯಜೀವಿಗಳಿಗೆಂದು ಕಿತ್ತುಕೊಳ್ಳುವ ಯೋಜನೆ ಬಂದಾಗ, 2013ರಲ್ಲಿ ಮಸಾಯಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಸೇರಿ ಪ್ರತಿಭಟಿಸಿದರು. ಆ ವರ್ಷ ಸರ್ಕಾರ ಹಿಂದೆ ಸರಿಯಿತು. 2022ರ ಜೂನಿನಲ್ಲಿ ಪೊಲೀಸರು ಬಂದು ಗಡಿಕಲ್ಲು ನೆಟ್ಟೇಬಿಟ್ಟರು. ಗುಂಡು ಹಾರಿತು, ಜನ ಗಡಿ ದಾಟಿ ಕೀನ್ಯಾಕ್ಕೆ ಓಡಿದರು. ದನ ಮೇಯಿಸಲು ಆ ನೆಲದಲ್ಲಿ ನಡೆದಾಡುತ್ತಿದ್ದ ಹೆಂಗಸರು ಅವರು. ‘ಸಫಾರಿ’ ಎಂಬ ಸ್ವಾಹಿಲಿ ಪದಕ್ಕೆ ಪಯಣ ಎಂದಷ್ಟೇ ಅರ್ಥ. ನಮ್ಮ ಸಾಬರ ಮನೆಗಳ ‘ಸಫರ್’ ಇದೆಯಲ್ಲ, ಅದೇ ಅರಬ್ಬೀ ಬೇರಿನದು. ಒಬ್ಬಳ ಪಯಣ ಸಫಾರಿ. ಇನ್ನೊಬ್ಬಳ ಪಯಣ ಒತ್ತುವರಿ.

ಬೇರೆ ದಾರಿಗಳೂ ಇವೆ. ಬೋಟ್ಸ್ವಾನಾದ ಚೋಬೆ ಕಾಡಿನ ಲಾಡ್ಜೊಂದರಲ್ಲಿ ಗೈಡುಗಳೆಲ್ಲ ಆ ನಾಡಿನ ಹೆಂಗಸರೇ. ಜೀಪು ಓಡಿಸುತ್ತಾರೆ, ದೋಣಿ ನಡೆಸುತ್ತಾರೆ. ಕೀನ್ಯಾದ ಆಂಬೊಸೆಲಿ ಸುತ್ತ 2019ರಲ್ಲಿ 8 ಮಂದಿ ಮಸಾಯಿ ಹುಡುಗಿಯರು ಅರಣ್ಯ ಕಾವಲಿಗೆ ಸೇರಿದರು. ಇದು ಸಂಬಳ, ಇದು ಮಾನ. ಆದರೆ ಲಾಡ್ಜು ಯಾರದು, ನೆಲ ಯಾರದು ಎಂಬ ಪ್ರಶ್ನೆ ಇದರಿಂದ ತೀರೋದಿಲ್ಲ.

ಈ ಪ್ರಶ್ನೆ ನಮ್ಮ ಕಾಡಿಗೂ ಬಂದಿದೆ. ನಾಗರಹೊಳೆ ಕಾಡಿನೊಳಗೆ ದೊಡ್ಡ ಹೋಟೆಲ್ ಕಂಪನಿಯ ರೆಸಾರ್ಟ್ ಏಳುತ್ತಿದ್ದಾಗ ಆದಿವಾಸಿಗಳು ಹೋರಾಡಿ, 1997ರಲ್ಲಿ ಹೈಕೋರ್ಟಿನಲ್ಲಿ ಗೆದ್ದು ನಿಲ್ಲಿಸಿದರು. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮನ್ನು ಹೊರಹಾಕಿದ್ದ ಕರಡಿಕಲ್ಲು ಹಾಡಿಗೆ ಮರಳಿ ನಡೆದು ಗುಡಿಸಲು ಕಟ್ಟಲು ನಿಂತರು. ಹೆಂಗಸರು, ಮಕ್ಕಳು, ಮುದುಕರು. ಈ ಪಯಣವನ್ನು ಯಾರೂ ಜಾಹೀರಾತಿನಲ್ಲಿ ಹಾಕಲಿಲ್ಲ.

ನವ್ಯರ ಗರಡಿಯಲ್ಲಿ ಪ್ರವಾಸ ಸಾಹಿತ್ಯವನ್ನು ಓದಿದವರು ಬರೆದವರ ಒಳಗಿನ ಅನುಭವ ಎಷ್ಟು ಆಳ ಎಂದು ಕೇಳುತ್ತಾರೆ. ಆಳ ಇರಲಿ. ನಾವು ಮೊದಲು ಕೇಳಬೇಕಾದ್ದು ಬೇರೆ. ಮೂಟೆ ಹೊತ್ತವರಿಗೆ ಈ ಪುಸ್ತಕದಲ್ಲಿ ಹೆಸರಿದೆಯೆ? ಅವರು ಬಾಯಿ ಬಿಟ್ಟು ಮಾತಾಡುತ್ತಾರೆಯೆ? ಗೆಳೆಯರೆ, ನಮ್ಮಲ್ಲಿ ಓದು ಕಲಿತ ಹೆಣ್ಣುಮಕ್ಕಳು ನಾಳೆ ಪ್ರವಾಸ ಹೋಗ್ತಾರೆ, ಹೋಗಲೇಬೇಕು. ಹೋಗಿ ಬಂದು ಬರೀತಾರೆ. ಹಾಸಿಗೆ ಮಡಚಿದವಳ ಹೆಸರು ಕೇಳಿ ಬರೆದುಕೊಂಡು ಬಂದವಳ ಪುಸ್ತಕವನ್ನು ನಾವು ಮೊದಲು ಓದೋಣ.